ಬ್ಯಾಂಕಾಕ್‌ಗೆ ಯಾವಾಗ ಹೋಗೋದು?

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಂಕಾಕ್‌ಗೆ ಯಾವ ಕಾಲದಲ್ಲಿ ಹೋದರೆ ಚೆನ್ನ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿ. ಪ್ರವಾಸದ ಪುಸ್ತಕಗಳೂ ಅದನ್ನೇ ಹೇಳುತ್ತವೆ, ಟ್ರಾವೆಲ್ ಏಜೆಂಟರೂ ಅದನ್ನೇ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ಮೊದಲಿನೆರಡನ್ನು ನಾನು ಒಪ್ಪುತ್ತೇನೆ, ಕೊನೆಯ ಎರಡರ ಬಗ್ಗೆ ನನ್ನದೊಂದು ತಕರಾರಿದೆ. ಇನ್ನು ಎಲ್ಲರೂ ಬೇಡ ಅನ್ನುವ ಮಳೆಗಾಲದಲ್ಲಿ ಒಂದು ಒಳ್ಳೆಯ ಸಂದು ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಮೊದಲು ಊರು ಎಲ್ಲಿದೆ ಅಂತ ನೋಡಿಬಿಡೋಣ. ಬ್ಯಾಂಕಾಕ್ ಇರುವುದು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ. ಬೆಂಗಳೂರು ಸುಮಾರು 13 ಡಿಗ್ರಿ, ಬ್ಯಾಂಕಾಕ್ 13.75. ಹಾಗಂತ ಹವೆಯೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಬ್ಯಾಂಕಾಕ್ ಒಂದೂವರೆ ಮೀಟರ್ ಆಸುಪಾಸಿನಲ್ಲಿ. ಚಾವೊ ಪ್ರಾಯ ನದಿ ತಂದು ಹಾಕಿದ ಮಣ್ಣಿನ ಮೇಲೆ ಎದ್ದ ಊರದು. ಮೇ ತಿಂಗಳ ಮಂಗಳೂರಿನ ಸೆಖೆ ಕಂಡವರಿಗೆ ಅಲ್ಲಿನ ಹವೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಥಾಯ್ ಹವಾಮಾನ ಇಲಾಖೆ ವರ್ಷವನ್ನು ಮೂರು ಪಾಲು ಮಾಡಿದೆ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಚಳಿಗಾಲ. ಅಲ್ಲಿಂದ ಮೇ ಮಧ್ಯದವರೆಗೆ ಬೇಸಿಗೆ. ಮಿಕ್ಕಿದ್ದೆಲ್ಲ ಮಳೆಗಾಲ. ಚಳಿಗಾಲ ಅನ್ನುವುದು ಹೆಸರಿಗೆ ಅಷ್ಟೇ. ಡಿಸೆಂಬರ್ ಮಧ್ಯಾಹ್ನ ಕೂಡ 31, 32 ಡಿಗ್ರಿ ಇರುತ್ತದೆ. ಬೆಳಗಿನ ಜಾವ 21ಕ್ಕೋ 22ಕ್ಕೋ ಇಳಿದರೆ ಸಾಕು, ಬೈಕ್ ಟ್ಯಾಕ್ಸಿಯವರು ತಮ್ಮ ಕಿತ್ತಳೆ ಬಣ್ಣದ ಅಂಗಿಯೊಳಗೆ ಸ್ವೆಟರ್ ತೊಟ್ಟು ಮುದುರಿಕೊಂಡು ಕೂತಿರುತ್ತಾರೆ. ನಮಗೆ ನಗು ಬರುತ್ತದೆ. ಆದರೂ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ. ಆಗ ಬೀಸುವುದು ಚೀನಾ ಕಡೆಯಿಂದ ಬರುವ ಈಶಾನ್ಯದ ಒಣ ಗಾಳಿ. ಬೆವರು ಆರುತ್ತದೆ. ಒಂದು ದೇವಸ್ಥಾನದಿಂದ ಇನ್ನೊಂದಕ್ಕೆ ನಡೆದು ಹೋಗೋಣ ಅನ್ನಿಸುತ್ತದೆ.

ಮನೆಯ ಹಿರಿಯರನ್ನು ಕರೆದುಕೊಂಡು ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನವೆಂಬರ್ ಮಧ್ಯದಿಂದ ಡಿಸೆಂಬರ್ 20ರ ಒಳಗೆ ಅಂತ. ನವೆಂಬರ್ ಹುಣ್ಣಿಮೆಗೆ ಲೋಯ್ ಕ್ರಥೋಂಗ್ ಹಬ್ಬ ಬರುತ್ತದೆ. ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆಯೇ ಅದು. ಬಾಳೆದಿಂಡನ್ನು ಬಿಲ್ಲೆಯಾಗಿ ಕೊಯ್ದು, ಸುತ್ತ ಬಾಳೆಎಲೆ ಮಡಚಿ ಸಿಗಿಸಿ, ಹೂವು, ಊದುಬತ್ತಿ, ಮೇಣದಬತ್ತಿ ಇಟ್ಟು ನೀರಿನಲ್ಲಿ ತೇಲಿಬಿಡುತ್ತಾರೆ. ನದಿ ದಂಡೆಗೆ ಹೋಗಿ ಗುದ್ದಾಡುವುದಕ್ಕಿಂತ ಲುಂಪಿನಿ ಪಾರ್ಕಿನ ಕೆರೆ ಹತ್ತಿರ ಹೋಗುವುದು ವಾಸಿ. ಅಲ್ಲೂ ಜನ ಇರುತ್ತಾರೆ, ಆದರೆ ನೀರು ಕೈಗೆ ಎಟುಕುತ್ತದೆ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಟೆಲ್ ಬಾಡಿಗೆ ಏರಿ ಕೂತಿರುತ್ತದೆ. ಅದನ್ನು ಬಿಡಿ, ದುಡ್ಡಿನ ಮಾತು. ನನ್ನ ತಕರಾರು ಜನವರಿ, ಫೆಬ್ರವರಿಯ ಗಾಳಿಯ ಬಗ್ಗೆ. ಆಗ ಆಕಾಶ ತಿಳಿಯಾಗಿರುತ್ತದೆ, ಮಳೆ ಇಲ್ಲ, ಗಾಳಿಯ ಓಡಾಟವೂ ಕಮ್ಮಿ. ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಮುಚ್ಚಿಕೊಳ್ಳುತ್ತದೆ. ಡೀಸೆಲ್ ಗಾಡಿಗಳ ಹೊಗೆ, ಸುತ್ತಲಿನ ಜಿಲ್ಲೆಗಳಲ್ಲಿ ಕಬ್ಬಿನ ಗದ್ದೆಗೆ, ಭತ್ತದ ಕೂಳೆಗೆ ಹಚ್ಚಿದ ಬೆಂಕಿಯ ಹೊಗೆ, ಎಲ್ಲ ಅದರ ಕೆಳಗೇ ಸಿಕ್ಕಿಕೊಳ್ಳುತ್ತದೆ. ಊರು ತಂಪಾಗಲು ಕಾರಣವಾದ ಹವೆಯೇ ಈ ಹೊಗೆಯನ್ನೂ ಹಿಡಿದು ನಿಲ್ಲಿಸುತ್ತದೆ. 2025ರ ಜನವರಿಯಲ್ಲಿ ಬ್ಯಾಂಕಾಕ್‌ನ 350ಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಜನ ಕಾರು ತೆಗೆಯದಿರಲಿ ಅಂತ ಒಂದು ವಾರ ಸ್ಕೈಟ್ರೇನ್ ಅನ್ನುವ ಮೇಲ್ಸೇತುವೆ ರೈಲು, ಮೆಟ್ರೊ, ಬಸ್ಸು ಎಲ್ಲ ಪುಕ್ಕಟೆ ಮಾಡಿದ್ದರು. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಈ ಎರಡು ತಿಂಗಳಲ್ಲಿ ಟಿಕೆಟ್ ತೆಗೆಯುವ ಮುಂಚೆ ಎರಡು ಸಲ ಯೋಚಿಸಿ. ಹೋಗಲೇಬೇಕಾದರೆ ಅಲ್ಲಿನ ಮಾಲಿನ್ಯ ನಿಯಂತ್ರಣ ಇಲಾಖೆಯ ಏರ್4ಥಾಯ್ ಅನ್ನುವ ಆ್ಯಪ್ ಇದೆ, ಅದನ್ನು ಫೋನಿಗೆ ಹಾಕಿಕೊಂಡು ಹೋಗಿ.

ಇನ್ನು ಏಪ್ರಿಲ್. ಮಕ್ಕಳಿಗೆ ಬೇಸಿಗೆ ರಜೆ ಸಿಗುವುದೇ ಆಗ, ಹಾಗಾಗಿ ನಮ್ಮವರು ಹೊರಡುವುದೂ ಆಗಲೇ. ಕಷ್ಟ ಅಂದರೆ, ಬ್ಯಾಂಕಾಕ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುವುದು ಏಪ್ರಿಲ್ ಕೊನೆಯ ವಾರದಲ್ಲಿ. ಅಂದಹಾಗೆ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಬರುತ್ತಾನೆ, ಆದರೆ ಆಗ ಮೋಡ ಅಡ್ಡ ಇರುತ್ತದೆ. ಏಪ್ರಿಲ್‌ನಲ್ಲಿ ಅಡ್ಡ ಬರುವವರು ಯಾರೂ ಇಲ್ಲ. ಥರ್ಮಾಮೀಟರು ತೋರಿಸುವ 36 ಡಿಗ್ರಿ ನೋಡಿ ಮೋಸಹೋಗಬೇಡಿ. ತೇವ ಸೇರಿಸಿ ಲೆಕ್ಕ ಹಾಕಿದರೆ ಮೈಗೆ ತಟ್ಟುವ ಬಿಸಿ ಬೇರೆಯೇ. 2024ರ ಏಪ್ರಿಲ್‌ನಲ್ಲಿ ಅದು 52 ಡಿಗ್ರಿ ದಾಟಬಹುದು ಅಂತ ನಗರಾಡಳಿತವೇ ಎಚ್ಚರಿಕೆ ಕೊಟ್ಟಿತ್ತು. ರಾತ್ರಿಯೂ ತಣಿಯುವುದಿಲ್ಲ.

ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸ ವರ್ಷ. ಸೀಲೋಂ ರಸ್ತೆಯಲ್ಲಿ, ಖಾವೊಸಾನ್ ರಸ್ತೆಯಲ್ಲಿ ಕಂಡಕಂಡವರಿಗೆ ನೀರೆರಚುತ್ತಾರೆ. ಹರೆಯದವರು ಅದೊಂದಕ್ಕೇ ಹೋಗಿ ಬರಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಊರು ನೋಡಬೇಕು ಅನ್ನುವವರಿಗೆ ಅದು ಕಾಲವಲ್ಲ. ಬ್ಯಾಂಕಾಕ್‌ನಲ್ಲಿ ದುಡಿಯುವವರಲ್ಲಿ ಬಹಳ ಜನ ಹಬ್ಬಕ್ಕೆ ಹಳ್ಳಿಗೆ ಹೊರಟುಬಿಡುತ್ತಾರೆ. ಗಲ್ಲಿಯ ಸಣ್ಣ ಅಂಗಡಿ, ತಳ್ಳುಗಾಡಿ ಎಷ್ಟೋ ಮುಚ್ಚಿರುತ್ತವೆ. ರಜೆಯಲ್ಲೇ ಹೋಗಬೇಕು ಅನ್ನುವವರು ಮೇ ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ಮಳೆ ಬಿದ್ದು ಬಿಸಿಲು ಸ್ವಲ್ಪ ಸೋತಿರುತ್ತದೆ, ಹಣ್ಣು ಮಾರುಕಟ್ಟೆಗೆ ಬಂದಿರುತ್ತದೆ.

ಈಗ ಮಳೆಗಾಲ. ಐದು ತಿಂಗಳು ಒಂದೇ ಸಮ ಸುರಿಯುತ್ತದೆ ಅಂತ ಹೆದರುವವರೇ ಜಾಸ್ತಿ. ಹಾಗಲ್ಲ. ಮಳೆ ಮೋಡಗಳ ಪಟ್ಟಿ ಮೇ ತಿಂಗಳಲ್ಲಿ ದಕ್ಷಿಣದಿಂದ ಹತ್ತಿ ಬರುತ್ತದೆ. ಜೂನ್ ಹೊತ್ತಿಗೆ ಇನ್ನೂ ಉತ್ತರಕ್ಕೆ, ದಕ್ಷಿಣ ಚೀನಾದವರೆಗೆ ಹೋಗಿಬಿಡುತ್ತದೆ. ಆಗ ಥಾಯ್ಲೆಂಡಿನಲ್ಲಿ ಒಂದೆರಡು ವಾರ ಮಳೆ ಹಿಂಜರಿಯುತ್ತದೆ. ಜೂನ್ ಕೊನೆ, ಜುಲೈ ಮೊದಲ ಭಾಗ ಅಂದುಕೊಳ್ಳಿ. ಆಗಸ್ಟ್‌ನಲ್ಲಿ ಆ ಪಟ್ಟಿ ವಾಪಸ್ ಇಳಿಯುತ್ತದೆ, ನಿಜವಾದ ಮಳೆ ಆಮೇಲೆ. ಸೆಪ್ಟೆಂಬರ್ ಒಂದರಲ್ಲೇ ಸರಾಸರಿ 300 ಮಿಲಿಮೀಟರ್‌ಗಿಂತ ಹೆಚ್ಚು ಬೀಳುತ್ತದೆ.

ನಾನು ಹೇಳಿದ ಸಂದು ಈ ಜೂನ್ ಕೊನೆ, ಜುಲೈ. ನನ್ನನ್ನು ಕೇಳಿದರೆ ಬ್ಯಾಂಕಾಕ್‌ಗೆ ಅದೇ ಸರಿ. ಮಳೆ ಬಂದರೂ ಸಾಮಾನ್ಯವಾಗಿ ಸಂಜೆ ಕಡೆ, ಗಂಟೆಯೊಳಗೆ ಮುಗಿಯುವ ಜೋರು ಮಳೆ. ಗ್ರ್ಯಾಂಡ್ ಪ್ಯಾಲೇಸ್ ಅನ್ನುವ ರಾಜರ ಅರಮನೆ ಬೆಳಿಗ್ಗೆ 8.30ಕ್ಕೇ ತೆರೆಯುತ್ತದೆ. 500 ಬಾತ್ ಟಿಕೆಟ್, ಭುಜ ಮೊಣಕಾಲು ಮುಚ್ಚಿರಬೇಕು. ಅಲ್ಲಿಂದ ನಡೆದೇ ವಾಟ್ ಪೋ ದೇವಸ್ಥಾನಕ್ಕೆ ಹೋಗಿ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿ. ಆ ಮಲಗಿದ ಬುದ್ಧನ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆ ಇದೆ, ಜನಸಂದಣಿ ಕಮ್ಮಿ ಇದ್ದಾಗ ಅದರ ಮುಂದೆ ನಿಂತುಕೊಳ್ಳಬಹುದು. ಡಿಸೆಂಬರ್‌ನಲ್ಲಿ ಹಿಂದಿನವರು ತಳ್ಳುತ್ತಿರುತ್ತಾರೆ. ಮಧ್ಯಾಹ್ನಕ್ಕೆ ಮಾಲ್‌ಗಳಿರುವ ಸಿಯಾಮ್ ಕಡೆ ಬಂದರೆ ಸ್ಕೈಟ್ರೇನ್ ಹಳಿಯ ಕೆಳಗೇ ನಡೆಯುವ ದಾರಿ ಇದೆ, ಚಿತ್ ಲೋಮ್ ನಿಲ್ದಾಣದವರೆಗೂ ತಲೆ ನೆನೆಯುವುದಿಲ್ಲ.

ಮಳೆಯಲ್ಲಿ ಒಂದು ಕೆಲಸ ಮಾಡಲೇಬೇಕು. ಸೇನ್ ಸೇಪ್ ಕಾಲುವೆಯ ದೋಣಿ ಹತ್ತಬೇಕು. ಉದ್ದನೆಯ ದೋಣಿ, ಎರಡೂ ಪಕ್ಕ ನೀಲಿ ಟಾರ್ಪಾಲು. ಎದುರಿನ ದೋಣಿ ಬಂದ ಕೂಡಲೇ ಅಂಚಿನಲ್ಲಿ ಕೂತವರು, ಮೊಬೈಲ್ ನೋಡುತ್ತಿದ್ದವರೂ ಸರಿ, ಕಣ್ಣೆತ್ತದೆ ಹಗ್ಗ ಎಳೆದು ಟಾರ್ಪಾಲನ್ನು ಮೇಲೇರಿಸುತ್ತಾರೆ. ಕಾಲುವೆಯ ನೀರು ಮುಖಕ್ಕೆ ಹಾರಬಾರದಲ್ವಾ! ಅಂಚಿಗೆ ಕೂತರೆ ಆ ಕೆಲಸ ನಿಮ್ಮದು, ನೆನಪಿರಲಿ. ಟಿಕೆಟ್ ಕೊಡುವವರು ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೇ ಓಡಾಡುತ್ತಿರುತ್ತಾರೆ. ಸೇತುವೆಗಳು ಅಷ್ಟು ತಗ್ಗು. ನೀರು ತೀರಾ ಏರಿದ ದಿನ ದೋಣಿ ಆ ಸೇತುವೆಗಳ ಅಡಿ ತೂರುವುದಿಲ್ಲ, ಓಡಾಟ ನಿಲ್ಲಿಸುತ್ತಾರೆ.

ಹಣ್ಣಿನ ಮಾತೂ ಇದೆ. ಮಾವು ಬೇಸಿಗೆಯದು. ಡೂರಿಯನ್, ಮ್ಯಾಂಗೊಸ್ಟೀನ್, ರಂಬುಟಾನ್ ಮಳೆ ಶುರುವಾದ ಮೇಲಿನವು, ಪೂರ್ವದ ಚಾಂತಾಬುರಿ ಕಡೆಯಿಂದ ಲಾರಿಗಟ್ಟಲೆ ಬರುತ್ತವೆ. ಡೂರಿಯನ್ ರಸ್ತೆ ಬದಿಯಲ್ಲೇ ತಿಂದು ಮುಗಿಸಿ. ಹೋಟೆಲ್ ಬಾಗಿಲಲ್ಲೇ ಅದರ ಚಿತ್ರದ ಮೇಲೆ ಅಡ್ಡಗೆರೆ ಎಳೆದು ತೂಗುಹಾಕಿರುತ್ತಾರೆ.

ಸೆಪ್ಟೆಂಬರ್, ಅಕ್ಟೋಬರ್ ಬೇಡ ಅಂತ ಹೇಳಿ ಮುಗಿಸಬಹುದಿತ್ತು. ಉತ್ತರದಿಂದ ನದಿಯಲ್ಲಿ ಇಳಿದು ಬರುವ ನೀರು, ಊರಿನ ಮೇಲೆ ಸುರಿಯುವ ಮಳೆ, ಸಮುದ್ರದ ಉಬ್ಬರ, ಮೂರೂ ಸೇರುವ ಹೊತ್ತದು. 2011ರಲ್ಲಿ ಹಾಗೇ ಆಯಿತು. ನೆರೆ ಬಂದು ಅಕ್ಟೋಬರ್ ಕೊನೆಯಲ್ಲಿ ಮುಚ್ಚಿದ ಡಾನ್ ಮುವಾಂಗ್ ವಿಮಾನ ನಿಲ್ದಾಣ ಮತ್ತೆ ತೆರೆದದ್ದು ಮುಂದಿನ ಮಾರ್ಚ್‌ನಲ್ಲಿ.

ಆದರೆ ಸಸ್ಯಾಹಾರಿಗಳಿಗೆ ಈ ಹೊತ್ತಿನಲ್ಲೇ ಒಂದು ಆಸೆ ಇದೆ. ಬೇರೆ ದಿನಗಳಲ್ಲಿ ಬ್ಯಾಂಕಾಕ್‌ನ ತಳ್ಳುಗಾಡಿ ಊಟದಲ್ಲಿ ಮೀನಿನ ಸಾಸ್ ಇಲ್ಲದ್ದನ್ನು ಹುಡುಕುವುದೇ ಒಂದು ಕೆಲಸ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಕಿನ್ ಜೇ ಅನ್ನುವ ವ್ರತ ನಡೆಯುತ್ತದೆ. ಮಾಂಸ, ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಅಂಗಡಿ ಮುಂದೆ ಹಳದಿ ಬಾವುಟ ಕಟ್ಟಿರುತ್ತಾರೆ, ಅದರ ಮೇಲೆ ಕೆಂಪು ಬಣ್ಣದಲ್ಲಿ 17ರ ಹಾಗೆ ಕಾಣುವ ಅಕ್ಷರ. ಅದು ಕಂಡರೆ ಧೈರ್ಯವಾಗಿ ಕೂತು ಉಣ್ಣಿ. ಚೈನಾಟೌನಿನ ಯಾವರಾತ್ ಬೀದಿಯಲ್ಲಿ ಆ ಬಾವುಟಗಳದೇ ಸಾಲು. ಎಷ್ಟೋ ವರ್ಷ ಇದು ನಮ್ಮ ನವರಾತ್ರಿಯ ಜೊತೆಗೇ ಬೀಳುತ್ತದೆ, ದಸರಾ ರಜೆಯೂ ಇರುತ್ತದೆ. ಸೀಲೋಂನ ಮಹಾಮಾರಿಯಮ್ಮನ ಗುಡಿಯಿಂದ ವಿಜಯದಶಮಿಯ ರಾತ್ರಿ ಮೆರವಣಿಗೆ ಹೊರಡುತ್ತದೆ, ಥಾಯ್ ಜನರೇ ಬೀದಿಯಲ್ಲಿ ತೆಂಗಿನಕಾಯಿ, ಚೆಂಡುಹೂ ಇಟ್ಟುಕೊಂಡು ಕಾಯುತ್ತಾರೆ. ಅಧಿಕ ಮಾಸ ಬಂದ ವರ್ಷ ಎರಡು ಪಂಚಾಂಗಗಳ ನಡುವೆ ತಿಂಗಳ ಅಂತರ ಬೀಳುವುದುಂಟು. ಹಾಗಾಗಿ ಆ ವರ್ಷದ ಎರಡೂ ದಿನಾಂಕ ನೋಡಿಕೊಂಡು, ಚಪ್ಪಲಿ ನೆನೆದರೂ ಸರಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡು, ಆಮೇಲೆ ಟಿಕೆಟ್ ತೆಗೆಯಿರಿ.

ನಮಸ್ಕಾರ.