ಗೆಳೆಯರ ಜೊತೆ 20 ಲೀಟರ್ ಬಿಯರ್: ಒಲೆ ಆರಿಸಿದ ಮೇಲೆ ಶುರುವಾಗೋ ಕೆಲಸ

[ದೃಶ್ಯ: ಮುಚ್ಚಳವಿಲ್ಲದ 40 ಲೀಟರ್ ಸ್ಟೀಲ್ ಪಾತ್ರೆ, ಒಳಗೆ ಕುದಿಯುತ್ತಿರುವ ವರ್ಟ್]

ಮನೆಯಲ್ಲಿ ಬಿಯರ್ ಮಾಡೋರು ಯಾವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಯಾವ ಹಾಪ್ಸ್ (ಕಹಿ, ಪರಿಮಳ ಕೊಡೋ ಹೂವು) ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ತಾರೆ. ಬಿಯರ್ ಕೆಡೋದು ಮಾತ್ರ ಬಹುಪಾಲು ಒಲೆ ಆರಿಸಿದ ಮೇಲೆ. ವರ್ಟ್, ಅಂದರೆ ಮಾಲ್ಟಿನಿಂದ ತೆಗೆದ ಸಿಹಿ ರಸ, ತಣ್ಣಗಾಗೋಕೆ ಶುರುವಾದಾಗಿನಿಂದ ಬಾಟ್ಲಿಗೆ ಮುಚ್ಚಳ ಬೀಳೋವರೆಗೆ ನಾವು ಹೇಗೆ ನಡೆದುಕೊಳ್ತೀವಿ ಅನ್ನೋದರ ಮೇಲೆ ರುಚಿ ನಿಂತಿದೆ. ಇವತ್ತು 20 ಲೀಟರ್ ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರ್ ಮಾಡೋ ಕ್ರಮ ನೋಡೋಣ. ಆಮೇಲೆ ಒಂದು ಸಣ್ಣ ಬ್ರೂವರಿಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು ಅಂತಾನೂ ಹೇಳ್ತೀವಿ.

ಮೊದಲೇ ಒಂದು ಮಾತು. ಮನೆಯಲ್ಲಿ ಬಿಯರ್ ಮಾಡೋಕೆ ಕೆಲವು ಕಡೆ ಅನುಮತಿ ಇದೆ, ಕೆಲವು ಕಡೆ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ನೀವಿರೋ ಕಡೆ ಕಾನೂನು ಏನಿದೆ ಅಂತ ನೋಡಿಕೊಂಡೇ ಒಲೆ ಹಚ್ಚಿ.

ನಾಲ್ಕು ಜನ ಇದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು ಒಲೆ ಹತ್ತಿರ, ಒಬ್ಬರು ತೂಕ ಮತ್ತು ಗಡಿಯಾರ ನೋಡೋಕೆ, ಒಬ್ಬರು ಬರೆದಿಡೋಕೆ. ನಾಲ್ಕನೆಯವರಿಗೆ ಒಂದೇ ಕೆಲಸ: ಶುಚಿ. ಕುದಿ ಮುಗಿದ ಮೇಲೆ ಯಾವ ಪೈಪು, ಸೌಟು, ಕೈ ವರ್ಟಿಗೆ ತಾಗಬೇಕಾದರೂ ಅವರನ್ನು ಕೇಳಿಯೇ ತಾಗಬೇಕು. ವರ್ಟ್ ತಣ್ಣಗಾಗೋವರೆಗೂ ಯಾರೂ ಕುಡಿಯೋದು ಬೇಡ. ಪಕ್ಕದಲ್ಲಿ 25 ಲೀಟರ್ ಕುದಿಯೋ ದ್ರವ ಇದೆ.

[ದೃಶ್ಯ: ತರಿಯಾಗಿ ಒಡೆದ ಮಾಲ್ಟ್, ಹತ್ತಿರದಿಂದ]

ಪೇಲ್ ಮಾಲ್ಟ್ 4.5 ಕೆಜಿ, ಕ್ರಿಸ್ಟಲ್ ಮಾಲ್ಟ್ 300 ಗ್ರಾಂ. ಕಾಳು ಒಡೆದಿರಬೇಕು, ಹಿಟ್ಟಾಗಬಾರದು. ಹೊಟ್ಟು ಆದಷ್ಟು ಇಡಿಯಾಗಿರಲಿ. ನೀರು 28 ಲೀಟರ್. ಇಷ್ಟು ಯಾಕೆ ಅಂದರೆ ಕಾಳು ಮೂರು ಲೀಟರಿನಷ್ಟು ಹೀರಿಕೊಳ್ಳುತ್ತೆ, ಒಂದು ಗಂಟೆ ಕುದಿಸಿದರೆ ಮೂರು ನಾಲ್ಕು ಲೀಟರ್ ಆವಿಯಾಗುತ್ತೆ, ತಳದ ಗಸಿಯಲ್ಲೂ ಸ್ವಲ್ಪ ಹೋಗುತ್ತೆ. ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿದ್ದರೆ ಅದನ್ನು ಮೊದಲೇ ತೆಗೀಬೇಕು. ಇಲ್ಲದಿದ್ದರೆ ಕ್ಲೋರೋಫಿನಾಲ್ ಆಗಿ, ಎಷ್ಟು ದಿನ ಇಟ್ಟರೂ ಹೋಗದ ಔಷಧಿ ವಾಸನೆ ಉಳಿಯುತ್ತೆ. ಇಷ್ಟು ನೀರಿಗೆ ಅರ್ಧ ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಕಲಸಿದರೆ ಸಾಕು.

ನೀರನ್ನು 69 ಡಿಗ್ರಿಗೆ ಕಾಯಿಸಿ, ಪಾತ್ರೆಯೊಳಗೆ ಜಾಲರಿ ಬಟ್ಟೆಯ ಚೀಲ ಇಳಿಬಿಟ್ಟು, ಮಾಲ್ಟ್ ಸುರಿದು ಗಂಟು ಒಡೆಯೋ ಹಾಗೆ ತಿರುವಿ. ಉಷ್ಣತೆ 66ಕ್ಕೆ ಬಂದು ನಿಲ್ಲುತ್ತೆ. 60 ನಿಮಿಷ ಮುಚ್ಚಿಡಿ. ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯೋದು ಈಗಲೇ. 63ರ ಹತ್ತಿರ ಇಟ್ಟರೆ ಬಿಯರ್ ತೆಳುವಾಗಿ, ಸಿಹಿಯಿಲ್ಲದೆ ಬರುತ್ತೆ. 69ರಲ್ಲಿ ಇಟ್ಟರೆ ಯೀಸ್ಟ್ (ಸಕ್ಕರೆಯನ್ನು ಆಲ್ಕೋಹಾಲ್ ಮಾಡೋ ಸೂಕ್ಷ್ಮಜೀವಿ) ತಿನ್ನಲಾಗದ ಸಕ್ಕರೆ ಹೆಚ್ಚಾಗಿ ಬಿಯರ್ ದಪ್ಪಗಾಗುತ್ತೆ. ಆಮೇಲೆ ಚೀಲ ಎತ್ತಿ ಸೋರೋಕೆ ಬಿಡಿ. ನೆನೆದ ಚೀಲ ಎಂಟು ಕೆಜಿಯಷ್ಟು ತೂಗುತ್ತೆ, ಬಿಸಿಯಾಗಿರುತ್ತೆ. ಕೊಕ್ಕೆ, ಹಗ್ಗ ಇರಲಿ. ಇಲ್ಲದಿದ್ದರೆ ಇಬ್ಬರು ಹಿಡಿಯಿರಿ.

ಕುದಿ ಬರೋ ಹೊತ್ತಲ್ಲಿ ನೊರೆ ಉಕ್ಕುತ್ತೆ. ಒಲೆ ಬಿಟ್ಟು ಕದಲಬೇಡಿ. ಹಾಪ್ಸ್‌ನ ಕಹಿ ಕೊಡೋ ಆಲ್ಫಾ ಆಮ್ಲ 10 ಪರ್ಸೆಂಟ್ ಅಂತ ಪ್ಯಾಕೆಟ್ ಮೇಲಿದ್ದರೆ, ಕುದಿ ಶುರುವಾದಾಗ 20 ಗ್ರಾಂ ಕಹಿಗೆ, ಕೊನೆಯ 10 ನಿಮಿಷ ಇದ್ದಾಗ 25 ಗ್ರಾಂ ಪರಿಮಳಕ್ಕೆ. ಆಲ್ಫಾ 5 ಪರ್ಸೆಂಟ್ ಆದರೆ ಮೊದಲಿನದ್ದು 40 ಗ್ರಾಂ ಆಗುತ್ತೆ. 60 ನಿಮಿಷವೂ ಮುಚ್ಚಳ ಹಾಕಬೇಡಿ. ಬೇಯಿಸಿದ ಜೋಳದ ವಾಸನೆ ಕೊಡೋ ಡಿಎಂಎಸ್ ಆವಿಯ ಜೊತೆ ಹೊರಗೆ ಹೋಗಬೇಕು.

[ದೃಶ್ಯ: ಒಲೆ ಆರಿಸುವ ಕೈ. ತಾಮ್ರದ ಸುರುಳಿ ವರ್ಟಿನೊಳಗೆ ಇಳಿದಿದೆ]

ಈಗ ಶುಚಿಯವರ ಮಾತೇ ಕೊನೆ ಮಾತು. ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ. ಕೊಳೆ ಅಂಟಿರೋ ಜಾಗದಲ್ಲಿ ಯಾವ ಸ್ಯಾನಿಟೈಸರೂ ಕೆಲಸ ಮಾಡಲ್ಲ, ಹಾಗಾಗಿ ಮೊದಲು ಉಜ್ಜಿ ತೊಳೆಯಿರಿ. ಆಮೇಲೆ ಸ್ಟಾರ್ ಸ್ಯಾನ್ ಥರದ ಸ್ಯಾನಿಟೈಸರನ್ನು ಲೀಟರಿಗೆ 1.5 ಎಂಎಲ್ ಬೆರೆಸಿ, ಒಂದೆರಡು ನಿಮಿಷ ಒದ್ದೆಯಾಗಿರೋ ಹಾಗೆ ನೋಡಿಕೊಳ್ಳಿ. ನೊರೆ ಉಳಿದರೆ ಉಳಿಯಲಿ, ಮತ್ತೆ ನೀರಲ್ಲಿ ತೊಳೀಬೇಡಿ. ವರ್ಟ್ ತಣ್ಣಗೆ ಮಾಡೋ ತಾಮ್ರದ ಸುರುಳಿಯನ್ನು ಮಾತ್ರ ಕುದಿಯ ಕೊನೆಯ 15 ನಿಮಿಷ ವರ್ಟಿನಲ್ಲೇ ಮುಳುಗಿಸಿಟ್ಟರೆ ಸಾಕು.

ಸುರುಳಿಯಲ್ಲಿ ನೀರು ಹರಿಸಿ 20 ಡಿಗ್ರಿಗೆ ಇಳಿಸಬೇಕು. ಬಿಸಿ ಊರುಗಳಲ್ಲಿ ನಲ್ಲಿ ನೀರೇ 28 ಡಿಗ್ರಿ ಇರುತ್ತೆ, ವರ್ಟ್ 30ಕ್ಕೆ ಬಂದು ನಿಂತುಬಿಡುತ್ತೆ. ಅವಸರಪಟ್ಟು ಅಷ್ಟರಲ್ಲೇ ಯೀಸ್ಟ್ ಹಾಕಬೇಡಿ. ಫರ್ಮೆಂಟರಿಗೆ, ಅಂದರೆ ಹುದುಗಿಸೋ ಪಾತ್ರೆಗೆ ತುಂಬಿಸಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು 18ಕ್ಕೆ ಬಂದ ಮೇಲೆ ಹಾಕಿ. ಪಾತ್ರೆ ಶುಚಿಯಾಗಿದ್ದರೆ ಕೆಲವು ಗಂಟೆ ಕಾದರೆ ಏನೂ ಆಗಲ್ಲ. ಬಿಸಿಯಲ್ಲಿ ಶುರುವಾದ ಹುದುಗುವಿಕೆ ಕೊಡೋ ಘಾಟನ್ನು ಆಮೇಲೆ ತೆಗೆಯೋಕೆ ದಾರಿಯೇ ಇಲ್ಲ.

ಯೀಸ್ಟ್ ಹಾಕೋ ಮೊದಲು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯೋ ಸಾಧನ) ನೋಡಿ, 1.048ರ ಆಸುಪಾಸು ಬರಬೇಕು. ಏಲ್ ಡ್ರೈ ಯೀಸ್ಟ್ ಒಂದು ಪ್ಯಾಕೆಟ್, ಅಂದರೆ 11.5 ಗ್ರಾಂ, ಮೇಲೆ ಉದುರಿಸಿ. ನೆನಪಿಡಿ: ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತೆ. ಮೊದಲ ಎರಡು ಮೂರು ದಿನ ಬಿಯರ್ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಬಿಸಿಯಿರುತ್ತೆ. ಗೋಡೆಯ ಥರ್ಮಾಮೀಟರ್ ನಂಬಬೇಡಿ, ಸೆನ್ಸರನ್ನು ಫರ್ಮೆಂಟರಿನ ಮೈಗೇ ಅಂಟಿಸಿ.

ಎರಡು ವಾರ ಬಿಡಿ. ಗ್ಯಾಸನ್ನು ಹೊರಗೆ ಮಾತ್ರ ಬಿಡೋ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು ಅಂದರೆ ಮುಗಿಯಿತು ಅಂತಲ್ಲ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬರಬೇಕು, ಸುಮಾರು 1.010. ಯೀಸ್ಟ್ ಹಾಕೋ ಮೊದಲಿನ 1.048ಕ್ಕೂ ಇದಕ್ಕೂ ವ್ಯತ್ಯಾಸ 0.038, ಅದನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್ 5 ಪರ್ಸೆಂಟ್.

ಬಾಟ್ಲಿ ತುಂಬೋ ದಿನ, ಬಾಟ್ಲಿಯೊಳಗೆ ಗ್ಯಾಸ್ ಹುಟ್ಟಲಿ ಅಂತ, 120 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಲ್ಲಿ ಕುದಿಸಿ, ಆರಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಹಾಕಿ. ಅದರ ಮೇಲೆ ಬಿಯರನ್ನು ಪೈಪಿನಲ್ಲಿ ಸದ್ದಿಲ್ಲದೆ ಇಳಿಸಿ, ಸೌಟಿನಿಂದ ಮೆಲ್ಲಗೆ ತಿರುವಿ. ಸರಿಯಾಗಿ ಬೆರೆಯದಿದ್ದರೆ ಒಂದು ಬಾಟ್ಲಿ ಸಪ್ಪೆ, ಇನ್ನೊಂದು ಉಕ್ಕಿ ಹರಿಯುತ್ತೆ. ಪೈಪು ಮೇಲಿಂದ ಧುಮುಕಿಸಿದರೆ ಗಾಳಿ ಸೇರಿ, ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತೆ. ಹುದುಗುವಿಕೆ ಮುಗಿಯೋ ಮೊದಲೇ ತುಂಬಿದರೆ ಬಾಟ್ಲಿ ಸಿಡಿಯುತ್ತೆ, ಗಾಜು ಕಣ್ಣಿಗೇ ಬರಬಹುದು. ಒತ್ತಡ ತಡೆಯೋ ದಪ್ಪ ಗಾಜಿನ ಕಂದು ಬಾಟ್ಲಿಗಳನ್ನೇ ಬಳಸಿ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಪದಾರ್ಥ ಒಡೆದು ಕೆಟ್ಟ ನಾತ ಬರುತ್ತೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತೆ.

[ದೃಶ್ಯ: ಸಣ್ಣ ಬ್ರೂವರಿ. ಸಾಲಾಗಿ ನಿಂತ ಶಂಕುತಳದ ಟ್ಯಾಂಕುಗಳು]

ಸಣ್ಣ ಬ್ರೂವರಿಗೆ ಫೋನ್ ಮಾಡಿ, ಕುದಿಸೋ ದಿನ ಕೇಳಿ ಹೋಗಿ. ಪಾದ ಮುಚ್ಚೋ ಶೂ ಹಾಕಿಕೊಳ್ಳಿ. ಎಲ್ಲರೂ ಹೊಳೆಯೋ ಕುದಿಪಾತ್ರೆಯ ಫೋಟೋ ತೆಗೀತಾರೆ. ನೀವು ಅದರ ಪಕ್ಕದ ಪ್ಲೇಟ್ ಚಿಲ್ಲರ್ ನೋಡಿ. ತೆಳು ಸ್ಟೀಲ್ ಹಾಳೆಗಳ ಒಂದು ಕಡೆ ವರ್ಟ್, ಇನ್ನೊಂದು ಕಡೆ ತಣ್ಣೀರು ಎದುರುಬದುರು ಹರಿಯುತ್ತವೆ. ಹೊರಬರೋ ಬಿಸಿನೀರನ್ನು ಮುಂದಿನ ಮ್ಯಾಶಿಗೆ, ಅಂದರೆ ಮಾಲ್ಟ್ ನೆನೆಸೋಕೆ ಉಳಿಸಿಕೊಳ್ತಾರೆ. ಟ್ಯಾಂಕುಗಳ ಸುತ್ತ ಗ್ಲೈಕಾಲ್ ಅನ್ನೋ ತಣ್ಣನೆಯ ದ್ರವ ಹರಿಯೋ ಕವಚ ಇರುತ್ತೆ, ಯೀಸ್ಟಿನ ಶಾಖವನ್ನು ಎಳೆದುಕೊಳ್ಳೋದು ಅದೇ. ಖಾಲಿಯಾದ ಟ್ಯಾಂಕಿಗೆ ಕಾಸ್ಟಿಕ್ (ಕೊಳೆ ತೆಗೆಯೋ ಕ್ಷಾರ), ನೀರು, ಆಮ್ಲ, ಸ್ಯಾನಿಟೈಸರ್ ಸರದಿಯಲ್ಲಿ ಓಡುತ್ತವೆ. ಬ್ರೂವರ್ ದಿನದ ದೊಡ್ಡ ಪಾಲು ತೊಳೆಯೋದರಲ್ಲೇ ಕಳೆಯುತ್ತೆ, ಅವರ ಬಗ್ಗೆ ಗೌರವ ಹುಟ್ಟೋದೂ ಅಲ್ಲೇ.

ಅವರು ಮಾಡೋ ಒಂದು ಪರೀಕ್ಷೆ ಮನೆಗೂ ಬರಲಿ. ಟ್ಯಾಂಕಿನಿಂದ ಎರಡು ಲೋಟ ಬಿಯರ್ ತೆಗೀತಾರೆ. ಒಂದನ್ನು ಮುಚ್ಚಿ 60ರಿಂದ 70 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಇಟ್ಟು ತಣ್ಣಗೆ ಮಾಡಿ, ಎರಡನ್ನೂ ಮೂಸ್ತಾರೆ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ವಾಸನೆ ಬಂದರೆ, ಆ ವಾಸನೆ ಕೊಡೋ ಡಯಾಸಿಟೈಲ್ ಆಗೋ ಪದಾರ್ಥ ಇನ್ನೂ ಒಳಗಿದೆ ಅಂತ ಅರ್ಥ. ಇನ್ನೆರಡು ಮೂರು ದಿನ ಯೀಸ್ಟಿನ ಮೇಲೇ ಬಿಡಬೇಕು, ಯೀಸ್ಟೇ ಅದನ್ನು ಮುಗಿಸುತ್ತೆ. ಆಗಲೇ ತುಂಬಿಬಿಟ್ಟರೆ ಇವತ್ತು ಚೆನ್ನಾಗಿರೋ ಬಿಯರ್ ಬಾಟ್ಲಿಯೊಳಗೆ ಬೆಣ್ಣೆ ವಾಸನೆಗೆ ತಿರುಗುತ್ತೆ.

ಹೊರಡೋ ಮೊದಲು ಯೀಸ್ಟ್ ಸ್ಲರಿ (ಟ್ಯಾಂಕಿನ ತಳದಲ್ಲಿ ಕೂತ ಗಟ್ಟಿ ಯೀಸ್ಟ್) ಕೊಡ್ತೀರಾ ಅಂತ ವಿನಯವಾಗಿ ಕೇಳಿ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು, ಆ ಯೀಸ್ಟನ್ನು ಬೇರೆ ಬ್ರೂವರಿಗಳಿಗೂ ಕೊಟ್ಟರು. ಹಂಚಿಕೊಳ್ಳೋ ಆ ರೂಢಿ ಇವತ್ತಿಗೂ ಸಣ್ಣ ಬ್ರೂವರಿಗಳಲ್ಲಿ ಕಾಣುತ್ತೆ. ಸ್ಯಾನಿಟೈಸ್ ಮಾಡಿದ ಒಂದು ಲೀಟರ್ ಜಾರ್ ಒಯ್ಯಿರಿ, ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಗ್ಯಾಸ್ ಹೋಗೋ ಹಾಗೆ ಮುಚ್ಚಳ ಸಡಿಲ ಬಿಡಿ. ಎಷ್ಟನೇ ಸಲ ಬಳಸಿದ ಯೀಸ್ಟ್ ಅಂತ ಕೇಳಿ ಜಾರಿನ ಮೇಲೆ ತಾರೀಖಿನ ಜೊತೆ ಬರೆದಿಡಿ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿದರೆ ಉತ್ತಮ. 20 ಲೀಟರಿಗೆ 200 ಎಂಎಲ್ ಗಟ್ಟಿ ಸ್ಲರಿ ಸಾಕು. ಹಾಕೋ ಮೊದಲು ಮೂಸಿ ನೋಡಿ: ಬ್ರೆಡ್ಡಿನ, ತಾಜಾ ಬಿಯರಿನ ವಾಸನೆ ಇದ್ದರೆ ಹಾಕಿ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಪೂರ್ತಿ ಚೆಲ್ಲಿ, ಡ್ರೈ ಯೀಸ್ಟ್ ಪ್ಯಾಕೆಟ್ಟನ್ನೇ ಒಡೆಯಿರಿ.