ಬೇಟೆನಾಯಿಗೆ ಕಲಿಸಬೇಕಾದದ್ದು ತಿರುಗಿ ಬರುವುದನ್ನು

ರೈತ ಬಾಂಧವರಿಗೆ, ನಾಯಿ ಸಾಕುವ ಎಲ್ಲ ಗೆಳೆಯರಿಗೆ ನಮಸ್ಕಾರ.

ಮುಧೋಳ ನಾಯಿ ತಂದವರು ಮೊದಲು ಕೇಳುವುದು ಒಂದೇ ಮಾತು: ಇದಕ್ಕೆ ಬೇಟೆ ಹೇಗೆ ಕಲಿಸಬೇಕು? ಕಲಿಸುವ ಅಗತ್ಯವೇ ಇಲ್ಲ. ಇದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಮಿಸುಕಿದರೆ ಸಾಕು, ಓಟ ಕಿತ್ತುಬಿಡುತ್ತದೆ. ಆಗ ನಾವು ಕರೆದದ್ದು ಕಿವಿಗೆ ಬಿದ್ದರೂ ಅದು ಕೇಳುವುದಿಲ್ಲ. ನಾವು ಕಲಿಸಬೇಕಾದದ್ದು ನಿಲ್ಲುವುದನ್ನು, ತಿರುಗಿ ಬರುವುದನ್ನು.

ಕಾಯ್ದೆಯ ಮಾತು ಮೊದಲೇ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಕಾಡುಪ್ರಾಣಿಯನ್ನು ಬೆನ್ನಟ್ಟುವುದು, ಅಟ್ಟಿ ಓಡಿಸುವುದು, ಅದಕ್ಕೆ ಪ್ರಯತ್ನಿಸುವುದು ಸಹ ಬೇಟೆಯೇ. ಮೊಲದ ಹಿಂದೆ, ಕೃಷ್ಣಮೃಗದ ಹಿಂದೆ ನಾಯಿ ಬಿಟ್ಟರೆ ಏನೂ ಸಿಗದಿದ್ದರೂ ಅಪರಾಧ. ತರಬೇತಿಗೆಂದು ಜೀವಂತ ಮೊಲ ಹಿಡಿದು ಬಿಡುವುದು ಕ್ರೌರ್ಯವೂ ಹೌದು. ಈ ನಾಯಿಯ ಓಟದ ಹಸಿವು ಬಟ್ಟೆಯ ತುಂಡಿನಿಂದಲೇ ತೀರುತ್ತದೆ.

ಕುನ್ನಿ ಎಂಟು ವಾರದ್ದಾದಾಗ ಮನೆಗೆ ತನ್ನಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕೇಂದ್ರವೊಂದು ಮುಧೋಳದ ಬಳಿ ತಿಮ್ಮಾಪುರದಲ್ಲಿದೆ, ಅಲ್ಲಿ ವಿಚಾರಿಸಬಹುದು. ಮೊದಲ ದಿನದಿಂದಲೇ ಊಟದ ತಟ್ಟೆ ಇಡುವ ಮುಂಚೆ ಎರಡು ಸಲ ಚಿಕ್ಕದಾಗಿ ಸೀಟಿ ಊದಿ. ಸೀಟಿ ಎಂದರೆ ಊಟ ಎಂಬುದು ಅದರ ತಲೆಯಲ್ಲಿ ಕೂತ ಮೇಲೆ ಅಂಗಳದಲ್ಲಿ, ಆಮೇಲೆ ಹೊಲದಲ್ಲಿ ಊದಿ. ಬಂದಾಗಲೆಲ್ಲ ಬೇಯಿಸಿದ ಮೊಟ್ಟೆಯದೋ ಕೋಳಿಯದೋ ಒಂದು ತುಣುಕು ಕೊಡಿ. ಕರೆದು ಬೈಯಬೇಡಿ, ಕರೆದು ಕಟ್ಟಿಹಾಕಬೇಡಿ. ಬಂದರೆ ಆಟ ಮುಗಿಯಿತು ಎಂದು ಒಮ್ಮೆ ತಿಳಿದರೆ ಮುಂದೆ ಹತ್ತು ಮಾರು ದೂರ ನಿಂತು ನಿಮ್ಮನ್ನೇ ನೋಡುತ್ತದೆ, ಹತ್ತಿರ ಬರುವುದಿಲ್ಲ.

ಈ ತಳಿಯ ಕತ್ತು ತಲೆಗಿಂತ ದಪ್ಪ, ಸಾದಾ ಪಟ್ಟಿ ಹಿಂದಕ್ಕೆಳೆದರೆ ಜಾರಿಬಿಡುತ್ತದೆ. ಎರಡು ಇಂಚು ಅಗಲದ, ಎಳೆದಾಗ ತುಸು ಬಿಗಿಯುವ ಪಟ್ಟಿ ಬೇಕು. ಬಯಲಿಗೆ ಹೋಗುವಾಗ ಹತ್ತು ಮೀಟರಿನ ಹಗ್ಗ ಬಳಸಿ, ಆದರೆ ಅದನ್ನು ಕತ್ತಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಿ. ಓಟದಲ್ಲಿದ್ದ ನಾಯಿ ಹಗ್ಗದ ತುದಿಗೆ ಬಂದು ತಟ್ಟನೆ ನಿಂತರೆ ಆ ಜಗ್ಗು ಕತ್ತಿನ ಮೇಲೆ ಬೀಳಬಾರದು.

ಇನ್ನು ಬಟ್ಟೆಯ ಆಟ. ಆರು ಅಡಿ ಬಿದಿರು ಕೋಲು, ಎಂಟು ಅಡಿ ದಾರ, ತುದಿಗೆ ಹಳೆಯ ಬಟ್ಟೆ. ಬಟ್ಟೆಯನ್ನು ನೆಲಕ್ಕೆ ತಾಗಿಸಿಯೇ ಸುತ್ತಿಸಿ. ಮೇಲಕ್ಕೆತ್ತಿದರೆ ಕುನ್ನಿ ಜಿಗಿಯುತ್ತದೆ, ಎಳೆಯ ಕೀಲುಗಳಿಗೆ ಏಟು. ಮೂರು ನಾಲ್ಕು ನಿಮಿಷ ಸಾಕು, ಕೊನೆಗೆ ಹಿಡಿಯಲು ಬಿಡಲೇಬೇಕು. ಯಾವತ್ತೂ ಸಿಗದ ಬಟ್ಟೆಯ ಮೇಲೆ ನಾಯಿಗೆ ಆಸೆ ಉಳಿಯುವುದಿಲ್ಲ. ಹಿಡಿದದ್ದನ್ನು ಕಿತ್ತುಕೊಳ್ಳದೆ ತಿನಿಸು ತೋರಿಸಿ "ಬಿಡು" ಎನ್ನಿ.

ಬಟ್ಟೆಯಿಂದ ತಿರುಗಿ ಬರುವುದು ಇದೇ ಆಟದೊಳಗೆ ಬರುತ್ತದೆ. ಮೊದಲು ಬಟ್ಟೆ ಸುಮ್ಮನೆ ಬಿದ್ದಿರುವಾಗ ಸೀಟಿ ಊದಿ. ಬಂದರೆ ತಿನಿಸು ಕೊಟ್ಟು ಮತ್ತೆ ಬಟ್ಟೆಗೇ ಬಿಡಿ. ಅದು ಪಕ್ಕಾ ಆದ ಮೇಲೆ ಬಟ್ಟೆ ನಿಧಾನ ಸರಿಯುವಾಗ, ಆಮೇಲೆ ಜೋರಾಗಿ ಓಡುವಾಗ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಬಟ್ಟೆಯ ಬೆನ್ನು ಹತ್ತಿದ ನಾಯಿಗೆ ಮೊದಲ ವಾರವೇ ಹತ್ತು ಸಲ ಸೀಟಿ ಊದಿದರೆ ಅದು ಕಲಿಯುವುದು ಸೀಟಿಗೆ ಅರ್ಥವಿಲ್ಲ ಎಂಬುದನ್ನೇ. ಬರುತ್ತದೆಂಬ ನಂಬಿಕೆ ಇಲ್ಲದಾಗ ಊದಲೇಬೇಡಿ. ಆರನೇ ತಿಂಗಳ ಹೊತ್ತಿಗೆ ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಅದು ವಯಸ್ಸಿನ ಗುಣ. ಮತ್ತೆ ಹಗ್ಗ ಕಟ್ಟಿ, ಹಿಂದಿನ ಹೆಜ್ಜೆಯಿಂದ ಶುರುಮಾಡಿ.

ಕುರಿ ಹಿಂಡಿನ ಪಾಠ ಬಿಡಬೇಡಿ. ಪಕ್ಕದ ಹೊಲದವರ ಮರಿ ಕಚ್ಚಿದರೆ ಊರಲ್ಲಿ ದೊಡ್ಡ ಜಗಳ. ನಾಲ್ಕು ತಿಂಗಳೊಳಗೇ ಹಗ್ಗದಲ್ಲಿ ಹಿಂಡಿನಿಂದ ದೂರ ಕೂರಿಸಿ. ಕುರಿ ನೋಡಿ ನಿಮ್ಮತ್ತ ತಿರುಗಿದ ಕ್ಷಣಕ್ಕೆ ತಿನಿಸು, ದಿನಕ್ಕಿಷ್ಟು ಹತ್ತಿರ.

ಒಂದು ವರ್ಷ ತುಂಬುವವರೆಗೆ ಎಲುಬು ಬಲಿತಿರುವುದಿಲ್ಲ, ಪೂರ್ತಿ ಓಟ ಬೇಡ. ಆಮೇಲೂ ನೆಲ ನೋಡಿಯೇ ಬಿಡಿ. ನಮ್ಮ ಎರಿ ಭೂಮಿ ಬ್ಯಾಸಗಿಯಲ್ಲಿ ಬಾಯಿ ಬಿಡುತ್ತದೆ, ಆ ಬಿರುಕಿಗೆ ಓಡುವ ನಾಯಿಯ ಕಾಲು ಸಿಕ್ಕರೆ ಎಲುಬು ಮುರಿಯುವುದೇ. ತೊಗರಿ ಕೊಯ್ದ ಹೊಲ ಇನ್ನೂ ಕೆಟ್ಟದ್ದು. ಓರೆಯಾಗಿ ಕತ್ತರಿಸಿದ ಕೂಳೆ ಬೆರಳ ಸಂದಿಗೆ, ಎದೆಗೆ ಹೊಕ್ಕುಬಿಡುತ್ತದೆ. ತೊಗಲು ತೆಳು, ಗೀಚಿದರೆ ಸಾಕು, ಸೀಳುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಅಂಗಾಲು ಸವೆಯುತ್ತದೆ. ಹುಲ್ಲುಗಾವಲು ಇಲ್ಲವೇ ಹರಗಿ ಸಮ ಮಾಡಿದ ಹೊಲ ಒಳ್ಳೆಯದು, ಬಿಡುವ ಮುಂಚೆ ನೀವೇ ಒಂದು ಸುತ್ತು ನಡೆದು ನೋಡಿ.

ಬ್ಯಾಸಗಿಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ನಾಯಿಯ ಸಹಜ ಮೈಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಜೀವಕ್ಕೆ ಅಪಾಯ. ತೂರಾಡಿದರೆ, ಒಸಡು ಕೆಂಪಾದರೆ ಕೂಡಲೇ ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕುತ್ತಾ ಗಾಳಿ ಬೀಸಿ, ವೈದ್ಯರಲ್ಲಿಗೆ ಒಯ್ಯಿರಿ. ಹೊಟ್ಟೆ ತುಂಬ ಉಣಿಸಿ ಓಡಿಸಬೇಡಿ, ಊಟವಾಗಿ ಎರಡು ಮೂರು ತಾಸು ಕಳೆಯಲಿ. ಬರೀ ರೊಟ್ಟಿ ಹಾಲಿನಿಂದ ಸ್ನಾಯು ಕಟ್ಟುವುದಿಲ್ಲ, ಮೊಟ್ಟೆ ಮಾಂಸ ಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಇದು ಬೇಟೆ ತಳಿ ಎಂದು ವೈದ್ಯರಿಗೆ ಹೇಳಿ: ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಇಷ್ಟಾದರೂ ಒಂದು ದಿನ ನಾಯಿ ಕಣ್ಮರೆಯಾಗಬಹುದು. ಹಿಂದೆ ಓಡಬೇಡಿ, ನೀವು ಅಟ್ಟಿದಷ್ಟೂ ಅದು ಮುಂದೆ ಹೋಗುತ್ತದೆ. ಕಣ್ಣಳತೆಯಲ್ಲಿದ್ದರೆ ಸೀಟಿ ಊದಿ ಎದುರು ದಿಕ್ಕಿಗೆ ಓಡಿ. ಕಾಣದಿದ್ದರೆ ಬಿಟ್ಟ ಜಾಗದಲ್ಲೇ ಕುಳಿತಿರಿ. ಓಟ ಮುಗಿಸಿದ ನಾಯಿ ಸಾಮಾನ್ಯವಾಗಿ ಹೊರಟಲ್ಲಿಗೇ ಮರಳುತ್ತದೆ. ಕತ್ತಲಾಗಿ ಹೊರಡಲೇಬೇಕಾದರೆ ನೀವು ಉಟ್ಟ ಬಟ್ಟೆಯೊಂದನ್ನು, ನೀರನ್ನು ಅಲ್ಲೇ ಇಟ್ಟು ನಸುಕಿನಲ್ಲಿ ಬಂದು ನೋಡಿ. ಸಿಕ್ಕಾಗ ಹೊಡೆಯದೆ ತಿನಿಸು ಕೊಡಿ, ಅಂಗಾಲು, ಎದೆ ತಡವಿ ಗಾಯ ನೋಡಿ.