ಆಯಾ, ವಾಚ್‌ಮನ್, ವ್ಯಾನ್ ಡ್ರೈವರ್: ಹಿನ್ನೆಲೆ ವಿಚಾರಿಸಿದ್ದಾರಾ?

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಸೋಹಮ್ ಅಂತ ಒಂದು ಸಣ್ಣ ಊರಿದೆ. 2001ರ ಕೊನೆಗೆ ಅಲ್ಲಿನ ಹೈಸ್ಕೂಲಿಗೆ ಇಯಾನ್ ಹಂಟ್ಲಿ ಎಂಬಾತ ಕೇರ್‌ಟೇಕರ್ ಕೆಲಸಕ್ಕೆ ಸೇರಿದ. ಇಯಾನ್ ನಿಕ್ಸನ್ ಎಂಬ ಹೆಸರಿನಲ್ಲಿ. ಪೊಲೀಸ್ ಪರಿಶೀಲನೆ ನಡೆಯಿತು, ಆದರೆ ಹುಡುಕಿದ್ದು ನಿಕ್ಸನ್ ಹೆಸರನ್ನಷ್ಟೇ. ಏನೂ ಸಿಗಲಿಲ್ಲ. ಹಿಂದೆ ಇದ್ದ ಊರಿನಲ್ಲಿ ಅವನ ಮೇಲೆ ಒಂದಾದ ಮೇಲೊಂದು ಲೈಂಗಿಕ ದೂರುಗಳು ಬಂದಿದ್ದವು. ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ. ಅಲ್ಲಿನ ಪೊಲೀಸರು ಒಂದು ದೂರಿಗೂ ಇನ್ನೊಂದಕ್ಕೂ ತಾಳೆ ಹಾಕಿರಲಿಲ್ಲ. 2002ರ ಆಗಸ್ಟ್‌ನಲ್ಲಿ ಅವನು ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದ.

ಆಮೇಲೆ ಸರ್ಕಾರ ಮಾಡಿಸಿದ ಬಿಚರ್ಡ್ ವಿಚಾರಣೆ ಶಾಲೆಯ ತಪ್ಪನ್ನೂ ಎತ್ತಿ ತೋರಿಸಿತು. ಅವನು ತಂದಿದ್ದು 'ಸಂಬಂಧಪಟ್ಟವರಿಗೆ' ಅಂತ ಬರೆದ ಶಿಫಾರಸು ಪತ್ರಗಳು. ಶಾಲೆಯವರು ಅವನ್ನು ಹಾಗೇ ಒಪ್ಪಿಕೊಂಡಿದ್ದರು. ಇಂಥ ಪತ್ರಗಳು ನಮ್ಮಲ್ಲೂ ಓಡಾಡುತ್ತವೆ, ಅಲ್ವಾ? ನನಗೆ ಜಾಸ್ತಿ ಭಯ ಇರುವುದು ಇಲ್ಲೇ.

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಸ್ಪಷ್ಟವಾಗಿವೆ. ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಲೇಬೇಕು. ಪಾಠ ಮಾಡುವವರು, ಮಾಡದವರು, ಕಾಯಂ ಆದವರು, ಗುತ್ತಿಗೆಯವರು, ಎಲ್ಲರದ್ದೂ. ಅದೂ ಒಂದೇ ಸಲ ಅಲ್ಲ, ಆಗಾಗ. ಡೇ ಕೇರ್‌ಗೂ ಕ್ರೀಡಾ ಅಕಾಡೆಮಿಗೂ ಇದೇ ನಿಯಮ.

ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪೊಲೀಸ್ ಪ್ರಮಾಣಪತ್ರ ಪಡೆಯಬಹುದು. ಅದು ಬೇಕೇ ಬೇಕು. ಆದರೆ ದಾಖಲೆಯಲ್ಲಿ ಇಲ್ಲದ್ದನ್ನು ಆ ಕಾಗದ ಹೇಳಲಾರದು. ಕೆಲಸಕ್ಕೆ ತಗೊಳ್ಳುವ ಶಾಲೆಯವರು ಆ ವ್ಯಕ್ತಿಯ ಹಳೆಯ ಶಾಲೆಗೆ ಫೋನ್ ಮಾಡಿ ಮುಖ್ಯೋಪಾಧ್ಯಾಯರನ್ನೇ ಕೇಳಬೇಕು: ಇವರು ಯಾಕೆ ಬಿಟ್ಟರು? ಮತ್ತೆ ಕೆಲಸಕ್ಕೆ ತಗೊಳ್ತೀರಾ? ಉತ್ತರ ತಡವರಿಸಿತೋ, ಇನ್ನಷ್ಟು ವಿಚಾರಿಸಿ. ನಡುವೆ ಎರಡು ವರ್ಷ ಎಲ್ಲಿದ್ದರು ಅಂತ ಗೊತ್ತಾಗದಿದ್ದರೆ ಅದನ್ನೂ ಕೇಳಿ. ಹಳೆಯ ಪ್ರಕರಣ ಇದ್ದ ಮಾತ್ರಕ್ಕೆ ಎಲ್ಲರನ್ನೂ ಹೊರಗಿಡಿ ಅಂತ ನಾನು ಹೇಳುತ್ತಿಲ್ಲ. ಜಮೀನು ಜಗಳದ ಕೇಸೇ ಬೇರೆ, ಮಗುವಿನ ಮೇಲೆ ಕೈ ಮಾಡಿದ ಕೇಸೇ ಬೇರೆ.

ಪಾಲಕರೇ, ಮುಂದಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಸಭೆಯಲ್ಲೋ ಪಾಲಕರ ಸಭೆಯಲ್ಲೋ ಇದನ್ನು ಕೇಳಿ. ಏಜೆನ್ಸಿ ಕಡೆಯಿಂದ ಬಂದ ಶೌಚಾಲಯ ಸ್ವಚ್ಛ ಮಾಡುವವರು, ಬದಲಿ ವ್ಯಾನ್ ಡ್ರೈವರ್, ಸಂಜೆ ಬರುವ ಕರಾಟೆ ಮಾಸ್ತರ್, ಇವರ ಪರಿಶೀಲನೆ ಯಾವಾಗ ಆಯಿತು? ಕಡತ ಯಾರ ಹತ್ತಿರ ಇದೆ? ತಾರೀಖು ಸಮೇತ ಉತ್ತರ ಕೇಳಿ.

ನಮಸ್ಕಾರ.